ಗೊಂಬೆಮನೆಯ ಬಾಡಿಗೆ

ಆ ಸಂಜೆ ಕರೆಂಟು ಹೋದದ್ದು ಬೀದಿಗೆಲ್ಲ ಅಲ್ಲ, ಒಂದೇ ಮನೆಗೆ. ಬಿಲ್ಲು ಕಟ್ಟಿರಲಿಲ್ಲ, ಕಚೇರಿಯವರು ಬಂದು ಫ್ಯೂಸು ಕಿತ್ತುಕೊಂಡು ಹೋಗಿದ್ದರು. ಅಡುಗೆಮನೆ ಕತ್ತಲು, ನಡುಮನೆ ಕತ್ತಲು, ಬಚ್ಚಲು ಕತ್ತಲು. ಬೆಳಕಿದ್ದದ್ದು ಅತ್ತೆಯ ಕೋಣೆಯ ಮೂಲೆಯಲ್ಲಿ ಮಾತ್ರ. ಅಲ್ಲಿ ಮೇಜಿನ ಮೇಲಿದ್ದ ಗೊಂಬೆಮನೆಯೊಳಗೆ, ಸಾಸಿವೆಗಿಂತ ತುಸು ದೊಡ್ಡ ಬಲ್ಬುಗಳ ತೂಗುದೀಪವೊಂದು ಬ್ಯಾಟರಿಯ ಬಲದಿಂದ ಜಗಜಗನೆ ಉರಿಯುತ್ತಿತ್ತು. ಅದನ್ನು ಕೊಂಡದ್ದು ಬಿಲ್ಲಿನ ದುಡ್ಡಿನಲ್ಲಿ.

ಕೊಂಡವಳು ಆ ಮನೆಯ ಸೊಸೆ. ನಲವತ್ತು ದಾಟಿದ ಹೆಂಗಸು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜನ್ನು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ, ಹಾಗಾಗಿ ಬೀದಿಯವರ ಬಾಯಲ್ಲಿ ಕನ್ನಡಕದಕ್ಕ. ಆ ಸಂಜೆ ಅವಳು ಬ್ರೆಡ್ಡಿನ ತಟ್ಟೆ ಹಿಡಿದು, ತಲೆ ತಗ್ಗಿಸಿ, ಗೊಂಬೆಮನೆಯ ಮುಂದೆ ಕೂತಿದ್ದಳು. ಬೇರೆಲ್ಲಿ ಕೂತರೂ ತಟ್ಟೆ ಕಾಣುತ್ತಿರಲಿಲ್ಲ.

"ಅವರ ಮನೇಲಿ ಎಷ್ಟು ಬೆಳಕು ನೋಡೋ," ಎಂದರು ಅತ್ತೆ, ಮಗನ ಕಡೆ ತಿರುಗಿ. "ಇವತ್ತು ನಮ್ಮನ್ನೂ ಊಟಕ್ಕೆ ಕರೀತಾರಾ ಅಂತ ಕೇಳು."

"ಕರೆದ್ರೂ ಹೊಟ್ಟೆ ತುಂಬಲ್ಲಮ್ಮ. ಅವರ ಪಾತ್ರೆ ನೋಡಿದೀಯಲ್ಲ," ಎಂದ ಮಗ. ಅವನು ಫ್ರಿಜ್ಜು ರಿಪೇರಿ ಮಾಡುವವನು. ಹೆಂಡತಿ ಏನು ಕೊಂಡರೂ ಅದರ ಬೆಲೆಯನ್ನು ಫ್ರಿಜ್ಜಿನ ಭಾಗಗಳಿಗೆ ಹೊಂದಿಸಿ ನೋಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಉಗುರಿನಷ್ಟು ತಾಮ್ರದ ಪಾತ್ರೆ ಬಂದಾಗ, "ಇದು ಒಂದು ಥರ್ಮೋಸ್ಟಾಟು ಕಣೇ! ಇದೇ ದುಡ್ಡಿಗೆ ದೊಡ್ಡದೇ ಬರ್ತಿತ್ತಲ್ಲ!" ಎಂದು ಕಣ್ಣರಳಿಸಿದ್ದ. ಚಿಕ್ಕದಾದಷ್ಟೂ ಬೆಲೆ ಹೆಚ್ಚುತ್ತದೆ ಎಂಬುದು ಅವನಿಗೆ ಇಂದಿಗೂ ಅರ್ಥವಾಗದ ಸಂಗತಿ.

ಕರೆಂಟು ಹೋದ ಆ ಸಂಜೆ ಕನ್ನಡಕದಕ್ಕ ಬಾಯಿಬಿಟ್ಟು ತಪ್ಪಾಯಿತು ಎಂದಳು. ಬೈಗುಳಕ್ಕೆ ಸಿದ್ಧಳಾಗಿಯೇ ಕೂತಿದ್ದಳು. ಆದರೆ ಅತ್ತೆ ಬೈಯಲಿಲ್ಲ. ಅವರು ಬ್ಯಾಂಕಿನಲ್ಲಿ ಕ್ಯಾಷಿಯರಾಗಿ ತಲೆ ನೆರೆಸಿಕೊಂಡವರು. ಕಿಟಕಿಯ ಆಚೆ ನಿಂತು ಕೂಗಾಡಿದವರನ್ನೆಲ್ಲ ನೋಡಿ, ತಾವು ಕೂಗಾಡುವುದನ್ನೇ ಮರೆತವರು. ತಟ್ಟೆ ಕೆಳಗಿಟ್ಟು, ಸೆರಗಿನಿಂದ ಬಾಯೊರೆಸಿಕೊಂಡು ತೀರ್ಪು ಹೇಳಿದರು.

"ನೋಡಮ್ಮ, ನೀನು ಆ ಮನೆ ಬಿಡು ಅಂತ ನಾನು ಹೇಳಲ್ಲ. ನಿನಗೆ ಅದೊಂದು ಜೀವ. ಆದರೆ ಎರಡು ಮನೆ ದುಡ್ಡು ಒಂದೇ ಕೈಯಲ್ಲಿ ಬೆರೆಸಬೇಡ. ಅವರ ಸಂಸಾರ ಅವರ ದುಡ್ಡಲ್ಲಿ ನಡೀಲಿ."

"ಅವರಿಗೆ ಯಾವ ದುಡ್ಡು ಅತ್ತೆ?"

"ನೀನು ಭಾನುವಾರ ಸುಮ್ಮನೆ ಎಲ್ಲರ ಕನ್ನಡಕ ರಿಪೇರಿ ಮಾಡಿಕೊಡ್ತೀಯಲ್ಲ, ತಿರುಪು, ಕಡ್ಡಿ, ಮೂಗಿನ ಗುಂಡಿ. ಅದಕ್ಕೆ ಕಾಸು ತಗೋ. ಅದು ಅವರ ಸಂಬಳ. ಅಷ್ಟರಲ್ಲೇ ಎಲ್ಲ. ಸಾಲ ಇಲ್ಲ, ಮುಂಗಡ ಇಲ್ಲ." ತಟ್ಟೆಯನ್ನು ಮತ್ತೆ ಎತ್ತಿಕೊಳ್ಳುತ್ತ ಸೇರಿಸಿದರು, "ಮತ್ತೆ ನನಗೆ ಬಾಡಿಗೆ."

"ಬಾಡಿಗೆನಾ?"

"ಮೇಜು ಯಾರದು?"

ಮೇಜು ಅತ್ತೆಯದೇ. ಬಾಡಿಗೆ ನಿಗದಿಯಾಯಿತು.

ಹೀಗೆ ಗೊಂಬೆಮನೆಯವರು ಸ್ವಂತ ಸಂಪಾದನೆಯ ಮೇಲೆ ನಿಂತರು. ಹಳೆಯ ಪೌಡರ್ ಡಬ್ಬವೊಂದು ಅವರ ಬ್ಯಾಂಕಾಯಿತು. ಭಾನುವಾರ ಬೆಳಗ್ಗೆ ಕನ್ನಡಕದಕ್ಕ ಜಗಲಿಯಲ್ಲಿ ಸ್ಟೂಲು ಹಾಕಿಕೊಂಡು ಕೂತರೆ, ಬೀದಿಯವರು ಕಡ್ಡಿ ಮುರಿದ ಕನ್ನಡಕ ಹಿಡಿದು ಬರುವರು. ಎದುರುಮನೆಯ ದರ್ಜಿಯಂತೂ ವಾರಬಿಟ್ಟು ವಾರ ಬರತೊಡಗಿದ. ಅಷ್ಟು ಬೇಗ ಬೇಗ ಅವನ ತಿರುಪು ಸಡಿಲವಾಗುವುದು ಹೇಗೆಂದು ಅವಳಿಗೆ ಅನುಮಾನ. ಒಂದು ಸಲ ಅವನು ಕಿಟಕಿಯ ಪಕ್ಕ ಕೂತು, ಹೊಲಿಗೆ ಯಂತ್ರದ ಸಣ್ಣ ಸ್ಕ್ರೂಡ್ರೈವರಿನಿಂದ ತಾನೇ ಅದನ್ನು ಸಡಿಲಿಸುತ್ತಿದ್ದುದನ್ನು ಕಂಡಳು. ಡಬ್ಬಕ್ಕೆ ನಾಲ್ಕು ಕಾಸು ಬೀಳಲಿ ಎಂದಿರಬೇಕು. ಕಂಡದ್ದನ್ನು ಯಾರಿಗೂ ಹೇಳಲಿಲ್ಲ.

ತಿಂಗಳ ಮೊದಲ ದಿನ ಅತ್ತೆ ಗೊಂಬೆಮನೆಯ ಬಾಗಿಲನ್ನು ಬೆರಳಿನಿಂದ ಟಕ್ ಟಕ್ ಎಂದು ತಟ್ಟುವರು. "ಯಾರ್ರೀ ಮನೇಲಿ? ಬಾಡಿಗೆ!" ಕನ್ನಡಕದಕ್ಕ ಡಬ್ಬದಿಂದ ದುಡ್ಡು ತೆಗೆದು ಕೊಡುವಳು. ಒಂದು ದಿನ ತಡವಾದರೂ ಅತ್ತೆ ಬಿಡರು. "ಒಳಗೆ ಪಿಯಾನೋ ಇಟ್ಕೊಂಡಿದಾರೆ, ಬಾಡಿಗೆಗೆ ಮಾತ್ರ ನಾಳೆ ನಾಡಿದ್ದು," ಎಂದು ಮಗನಿಗೆ ಕೇಳುವ ಹಾಗೆ ಗೊಣಗುವರು.

ಆ ಮನೆಯಲ್ಲಿ ಎಲ್ಲವೂ ನಿಜವಾದದ್ದರ ಹನ್ನೆರಡರಲ್ಲಿ ಒಂದು ಪಾಲು. ಗಂಡ, ಹೆಂಡತಿ, ಜಡೆಯ ಹುಡುಗಿ, ಬೆಕ್ಕು. ಮೇಲಿನ ಮಹಡಿಯಲ್ಲಿ ಒಬ್ಬ ತಾತ. ಮರದ ತಾತ, ಮುಖದಲ್ಲಿ ತಾಳ್ಮೆ, ತೊಡೆಯ ಮೇಲೆ ಅಂಟಿಸಿದ ಪತ್ರಿಕೆ. ಮುಚ್ಚಿಹೋದ ಆಟಿಕೆ ಅಂಗಡಿಯಿಂದ ಮನೆಯನ್ನು ಕೊಂಡಾಗಲೇ ತಾತ ಮೇಲಿದ್ದ, ಮೆಟ್ಟಿಲು ಮಾತ್ರ ಕಳೆದುಹೋಗಿತ್ತು. ಮಹಡಿಯ ನೆಲದಲ್ಲಿ ಮೆಟ್ಟಿಲಿಗೆಂದು ಬಿಟ್ಟ ಚೌಕಾಕಾರದ ತೂತಿತ್ತು, ಅಷ್ಟೆ. ಕನ್ನಡಕದಕ್ಕನದು ಒಂದು ನಿಯಮ: ಆ ಮನೆಯವರನ್ನು ಗಾಳಿಯಲ್ಲಿ ಎತ್ತಿ ಸಾಗಿಸಬಾರದು. ಬಾಗಿಲಿಂದ ಹೋಗಬೇಕು, ಮೆಟ್ಟಿಲಿಂದ ಇಳಿಯಬೇಕು. ಇಲ್ಲದಿದ್ದರೆ ಅದು ಮನೆಯಲ್ಲ, ಬರೀ ಪೆಟ್ಟಿಗೆ. ಹಾಗಾಗಿ ತಾತ ವರ್ಷಗಟ್ಟಲೆ ಮೇಲೆಯೇ ಉಳಿದ.

"ಪಾಪ, ಅವನಿಗೆ ಕಾಫಿ ಹೇಗೆ ಹೋಗುತ್ತೆ?" ಎಂದು ಅತ್ತೆ ಆಗಾಗ ಕೇಳುವರು.

"ಹಗ್ಗ ಕಟ್ಟಿ ಎಳ್ಕೋತಾನಮ್ಮ," ಎನ್ನುವನು ಮಗ.

"ನಗಬೇಡ ಕಣೋ. ಮಹಡಿ ಹತ್ತಿ ಇಳಿಯೋಕಾಗದ ಕಷ್ಟ ನಿನಗೇನು ಗೊತ್ತು."

ಅತ್ತೆಗೆ ಗೊತ್ತಿತ್ತು. ಮಂಡಿ ಕೈಕೊಟ್ಟ ಮೇಲೆ ಅವರು ತಾರಸಿಗೆ ಹೋಗಿರಲಿಲ್ಲ. ಮೊದಲು ಸಂಜೆಯೆಲ್ಲ ಅಲ್ಲೇ, ಹಳೆಯ ಕುರ್ಚಿಯೊಂದರಲ್ಲಿ ಕೂತು ಪಕ್ಕದ ತಾರಸಿಯವರೊಡನೆ ಹರಟುತ್ತಿದ್ದರು. ಈಗ ಅವರ ಹರಟೆಯೆಲ್ಲ ಗೊಂಬೆಮನೆಯವರ ಜೊತೆ.

ಗೊಂಬೆಮನೆಗೆ ಮೆಟ್ಟಿಲು ಮಾಡಿಕೊಡುವ ಬಡಗಿಯೊಬ್ಬ ದೂರದ ಊರಿನಲ್ಲಿದ್ದ. ಮುದುಕ. ಅವನ ಫೋನ್ ನಂಬರನ್ನು ಕನ್ನಡಕದಕ್ಕ ಗೊಂಬೆಮನೆಯ ಹಿಂಬದಿಗೇ ಅಂಟಿಸಿದ್ದಳು. ಬೆಲೆ ಕೇಳಿ ಕೇಳಿ ಸುಮ್ಮನಾಗುತ್ತಿದ್ದಳು. ಒಂದು ದಿನ ಅವನೇ ಫೋನ್ ಮಾಡಿದ.

"ಮಗಳ ಮನೆಗೆ ಹೊರಟಿದೀನಮ್ಮ. ಉಳಿ, ಗರಗಸ ಗಂಟು ಕಟ್ಟೋ ಮೊದಲು ಒಂದೇ ಒಂದು ಮೆಟ್ಟಿಲು ಮಾಡ್ತೀನಿ. ಯಾರ ದುಡ್ಡು ಮೊದಲು ಬರುತ್ತೋ ಅವರಿಗೆ."

"ಅದು ಒಂದು ಕಂಪ್ರೆಸರ್!" ಎಂದ ಗಂಡ, ಬೆಲೆ ಕೇಳಿ.

ಡಬ್ಬದಲ್ಲಿದ್ದದ್ದು ಕಂಪ್ರೆಸರಿಗೆ ಸಾಲದು. ಕನ್ನಡಕದಕ್ಕ ಅತ್ತೆಯ ಮಂಚದ ಅಂಚಿಗೆ ಹೋಗಿ ಕೂತಳು. "ಅತ್ತೆ, ಕೊಟ್ಟ ಬಾಡಿಗೇಲಿ ನಾಲ್ಕು ತಿಂಗಳದ್ದು ವಾಪಸ್ ಕೊಟ್ಟುಬಿಡಿ. ತಾತನಿಗೋಸ್ಕರ."

"ಕನಿಕರ ಬೇರೆ, ಬಾಡಿಗೆ ಬೇರೆ," ಎಂದರು ಅತ್ತೆ ಪತ್ರಿಕೆಯಿಂದ ಕಣ್ಣು ತೆಗೆಯದೆ. "ಪಿಯಾನೋ ಮಾರಲಿ."

ಪಿಯಾನೋ ಆ ಮನೆಯ ಅತ್ಯಂತ ಚೆಂದದ ವಸ್ತು. ಅದರ ಕೀಗಳನ್ನು ಸೂಜಿಯ ಮೊನೆಯಿಂದ ಒತ್ತಿದರೆ ನಿಜವಾಗಿ ಟಿಂಗ್ ಎನ್ನುತ್ತಿತ್ತು. ಆದರೆ ಅತ್ತೆಯ ಮಾತಿನಲ್ಲಿ ಎಷ್ಟು ಹುಡುಕಿದರೂ ಕನ್ನಡಕದಕ್ಕನಿಗೆ ತಪ್ಪು ಸಿಗಲಿಲ್ಲ. ನಿಯಮಕ್ಕೆ ಒಪ್ಪಿದವಳು ಅವಳೇ. ಮಾರನೆಯ ದಿನ ಪಿಯಾನೋವನ್ನು ಹತ್ತಿಯಲ್ಲಿ ಸುತ್ತಿ, ಕನ್ನಡಕದ ಡಬ್ಬಿಯೊಳಗಿಟ್ಟು, ಹಲ್ಲಿನ ಡಾಕ್ಟರ ಬಳಿಗೆ ಒಯ್ದಳು. ಅವರಿಗೂ ಇದೇ ಹುಚ್ಚು. ಕನ್ನಡಕ ಹಾಕಿಸಿಕೊಳ್ಳಲು ಬಂದಾಗಲೆಲ್ಲ ಆ ಪಿಯಾನೋ ಮಾರ್ತೀರಾ ಎಂದು ಕೇಳುತ್ತಿದ್ದರು.

ಡಾಕ್ಟರು ಡಬ್ಬಿ ತೆರೆದರು, ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ಪಿಯಾನೋದ ಹೊಟ್ಟೆಯನ್ನೆಲ್ಲ ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಡಬ್ಬಿ ಮುಚ್ಚಿದರು.

"ಮೊದಲು ಬಡಗಿಗೆ ಫೋನ್ ಮಾಡಿ. ಮೆಟ್ಟಿಲು ಇದೆ ಅಂದ್ರೆ ಮಾತ್ರ ನಾನು ತಗೋತೀನಿ. ಆಮೇಲೆ ಎರಡೂ ಇಲ್ಲ ಅಂತ ನೀವು ಅಳೋದು ನನ್ನಿಂದ ನೋಡಕ್ಕಾಗಲ್ಲ. ದಿನಾ ಅಳೋರನ್ನೇ ನೋಡ್ತೀನಿ."

ಅವಳು ಫೋನ್ ಮಾಡಿದಳು. ಬಡಗಿ ಒಂದು ಕ್ಷಣ ಕೆಮ್ಮಿದ. "ಅದು ಆಗ್ಲೇ ಒಬ್ಬರ ಪಾಲಾಯ್ತಮ್ಮ. ದುಡ್ಡೂ ಬಂತು."

ಪಿಯಾನೋ ಬಂದ ದಾರಿಯಲ್ಲೇ ವಾಪಸಾಯಿತು. ಅದನ್ನು ಮೊದಲಿನ ಜಾಗದಲ್ಲಿಟ್ಟು, ಕನ್ನಡಕದಕ್ಕ ಬಗ್ಗಿ ಮೇಲಿನ ಮಹಡಿಯ ಕಿಟಕಿಯಲ್ಲಿ ನೋಡಿದಳು. ತಾತ ಅದೇ ಪತ್ರಿಕೆಯ ಅದೇ ಪುಟ ಓದುತ್ತಿದ್ದ. ಇನ್ನು ಅವನು ಇಳಿಯುವುದಿಲ್ಲ. ಅವಳಿಗೆ ತನ್ನ ಮೇಲೇ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ದೊಡ್ಡ ಹೆಂಗಸು, ಮರದ ಗೊಂಬೆಗೆ ಅಳುವುದೇ?

"ಹೋಗ್ಲಿ ಬಿಡು," ಎಂದರು ಅತ್ತೆ ಮಂಚದಿಂದ. ಗಂಡನಿಗೆ ಅದೇ ಹೊತ್ತಿಗೆ ಜೋರಾಗಿ ಸೀನು ಬಂದು ಅವನು ಹೊರಗೆ ಹೋದ.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಉದ್ದನೆಯ ಪೊಟ್ಟಣ ಬಂತು. ವಿಳಾಸದಲ್ಲಿ ಅತ್ತೆಯ ಹೆಸರು. ಅವರು ಅದನ್ನು ಮೇಜಿನ ಮೇಲಿಟ್ಟು, ಸೆಟೆದು ಕೂತು, ಬ್ಯಾಂಕಿನ ದನಿಯಲ್ಲಿ ಹೇಳಿದರು, "ಬಿಚ್ಚು. ನಾನು ಬಾಡಿಗೆ ತಗೊಂಡಿದೀನಿ. ಮನೇಲಿ ಮೆಟ್ಟಿಲಿಲ್ಲ ಅಂದ್ರೆ ಅದನ್ನ ಮಾಡಿಸಿಕೊಡಬೇಕಾದ್ದು ಯಾರು? ಮಾಲೀಕರು. ಅದಕ್ಕೆ ಬಾಡಿಗೆದಾರರು ಪಿಯಾನೋ ಮಾರೋದಾ?"

"ಮಾರಲಿ ಅಂತ ನೀವೇ ಅಂದ್ರಲ್ಲ ಅತ್ತೆ!"

"ಬಾಯಿಗೆ ಬಂತು, ಅಂದೆ. ನೀನು ನಿಜವಾಗ್ಲೂ ಹೊತ್ಕೊಂಡು ಹೋಗ್ತೀಯ ಅಂತ ಯಾರಿಗೆ ಗೊತ್ತಿತ್ತು? ಇವನನ್ನ ಓಡಿಸಿ ದುಡ್ಡು ಕಳಿಸೋ ಹೊತ್ತಿಗೆ ನನಗೆ ಸಾಕಾಯ್ತು." ಬಾಗಿಲಲ್ಲಿ ನಿಂತಿದ್ದ ಮಗ ಹಲ್ಲು ಕಿರಿದ. "ವರ್ಷದ ಬಾಡಿಗೆಯೆಲ್ಲ ಇದಕ್ಕೇ ಹೋಯ್ತು, ತಿಳ್ಕೋ."

ಕನ್ನಡಕದಕ್ಕ ಕಾಗದ ಬಿಚ್ಚಿದಳು. ಅಂಥ ಮೆಟ್ಟಿಲನ್ನು ಅವಳು ಕಂಡಿರಲಿಲ್ಲ. ಎರಡೂ ಕಡೆ ಹಿಡಿಕೆ, ಬೆಂಕಿಕಡ್ಡಿಗಿಂತ ತೆಳ್ಳಗಿನ ಕಂಬಿಗಳು, ನಡುವೆ ಒಂದು ಅಟ್ಟಣೆ, ಅದರ ಮೇಲೊಂದು ಪುಟ್ಟ ಬೆಂಚು. ಉಸಿರು ಬಿಗಿಹಿಡಿದು ಅದನ್ನು ಗೊಂಬೆಮನೆಯ ನಡುಮನೆಯೊಳಗೆ ತಳ್ಳಿದಳು.

ಹಿಡಿಸಲಿಲ್ಲ.

ಎತ್ತರ ಸರಿಯಾಗಿತ್ತು. ಉದ್ದ ಮಾತ್ರ ಎರಡರಷ್ಟು. ಮೇಲಿನ ತುದಿಯನ್ನು ತೂತಿಗೆ ಸೇರಿಸಿದರೆ ಕೆಳಗಿನ ಮೆಟ್ಟಿಲುಗಳು ಮುಂಬಾಗಿಲಿನಿಂದ ಹೊರಗೆ ಚಾಚಿ ಮೇಜಿನ ಮೇಲೆ ತೂಗುತ್ತಿದ್ದವು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಾಜನ್ನು ಮತ್ತೆ ಉಜ್ಜುವ ಕನ್ನಡಕದಕ್ಕ ಅದನ್ನು ಹೊರಗೆಳೆದು ಮತ್ತೊಮ್ಮೆ ತಳ್ಳಿ ನೋಡಿದಳು.

"ಅಳತೆ ಯಾರು ಕೊಟ್ರು?" ಎಂದ ಗಂಡ ಮೆಲ್ಲಗೆ.

"ನಾನೇ," ಎಂದರು ಅತ್ತೆ. ಅವರ ದನಿಯಲ್ಲಿದ್ದ ಬ್ಯಾಂಕು ಎಲ್ಲೋ ಹೋಗಿತ್ತು. "ಎತ್ತರ ಅಳೆದೇ ಹೇಳಿದೆ. ಆಮೇಲೆ ಒಂದೊಂದು ಮೆಟ್ಟಿಲೂ ತಗ್ಗಾಗಿರಲಿ ಅಂದೆ. ವಯಸ್ಸಾದವರು, ಕಾಲು ಎತ್ತಿಡೋಕಾಗಲ್ಲ, ಎರಡು ಪಟ್ಟು ಮೆಟ್ಟಿಲು ಹಾಕಪ್ಪ, ಎರಡೂ ಕಡೆ ಹಿಡಿಯೋಕಿರಲಿ, ಮಧ್ಯೆ ಸುಧಾರಿಸಿಕೊಳ್ಳೋಕೆ ಜಾಗ ಇರಲಿ ಅಂದೆ. ಅಷ್ಟು ಉದ್ದ ಆಗುತ್ತೆ ಅಂತ ನನಗೆ ಹೊಳೀಲಿಲ್ಲ ಕಣೇ." ಹೊರಗೆ ಚಾಚಿದ್ದ ತುದಿಯನ್ನು ಬೆರಳಿನಿಂದ ಮುಟ್ಟಿ, "ಕತ್ತರಿಸೋಕಾಗುತ್ತಾ?" ಎಂದರು.

ಕತ್ತರಿಸಬಹುದಿತ್ತು. ಕನ್ನಡಕದಕ್ಕನ ಕೈಗೆ ಅದು ಒಂದು ಗಂಟೆಯ ಕೆಲಸ. ಬೆಂಚು ತೆಗೆದು, ಅಟ್ಟಣೆ ತೆಗೆದು, ಮೆಟ್ಟಿಲುಗಳನ್ನು ಕಡಿದಾಗಿ ನಿಲ್ಲಿಸಿದರೆ ಕರಾರುವಾಕ್ಕಾಗಿ ಹಿಡಿಸುತ್ತಿತ್ತು. ಅವಳು ಮೆಟ್ಟಿಲನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಒಂದೊಂದು ಮೆಟ್ಟಿಲೂ ನಿಜಕ್ಕೂ ಎಷ್ಟು ತಗ್ಗು! ಆ ಬೆಂಚಿನ ಮೇಲೆ ಅತ್ತೆ ಕೂತು ಸುಧಾರಿಸಿಕೊಳ್ಳುವುದು ಅವಳ ಕಣ್ಣಿಗೆ ಕಟ್ಟಿತು.

"ಇದನ್ನ ಯಾಕೆ ಕತ್ತರಿಸಬೇಕು ಅತ್ತೆ? ಗೋಡೆ ಕತ್ತರಿಸ್ತೀನಿ," ಎಂದಳು. "ಮೆಟ್ಟಿಲು ಮನೆಯ ಹೊರಗಡೆ ಇರಲಿ. ಮೇಲಿನ ಕಿಟಕಿಯನ್ನೇ ಬಾಗಿಲು ಮಾಡಿದ್ರಾಯ್ತು. ತಾತ ನೇರ ಬೀದಿಗೇ ಇಳೀಲಿ, ಗಾಳಿಯಾಡಲಿ."

ಭಾನುವಾರ ಬೆಳಗ್ಗೆ ಜಗಲಿಯ ಅಂಗಡಿಗೆ ರಜೆ. ಸಣ್ಣ ಗರಗಸದಿಂದ ಅವಳು ಕಿಟಕಿಯ ಕೆಳಗಿನ ಹಲಗೆ ಕೊಯ್ದಳು. ತಿರುಪು ಸಡಿಲ ಮಾಡಿಕೊಂಡು ಬಂದಿದ್ದ ದರ್ಜಿಯೂ ನಿಂತು ನೋಡಿದ. ಗೊಂಬೆಮನೆಗೆ ಹೆಬ್ಬೆರಳಷ್ಟು ದಪ್ಪದ ಪೀಠವಿತ್ತು. ಹೊರಗೆ ಮೇಜಿನ ಮೇಲಿಟ್ಟ ಮೆಟ್ಟಿಲು ಆ ಪೀಠದಷ್ಟು ಗಿಡ್ಡವಾಯಿತು. ಗಂಡ ತನ್ನ ಚೀಲ ತಡಕಾಡಿ, ಫ್ರಿಜ್ಜಿನ ಕಾಲಿಗೆ ಹಾಕುವ ಎರಡು ರಬ್ಬರು ತುಂಡು ತೆಗೆದು ಮೆಟ್ಟಿಲಿನ ಬುಡಕ್ಕೆ ಕೊಟ್ಟ. ಹನ್ನೆರಡರಲ್ಲಿ ಒಂದು ಪಾಲಿನ ಲೆಕ್ಕಕ್ಕೆ ಎಲ್ಲೂ ಹೊಂದದ ಕರೀ ರಬ್ಬರು. ಕನ್ನಡಕದಕ್ಕ ಅದನ್ನು ನೋಡಿ ಒಂದು ಸಲ ಕಣ್ಣು ಮುಚ್ಚಿಕೊಂಡಳು. ಆಮೇಲೆ, "ಚೆನ್ನಾಗಿದೆ ರೀ," ಎಂದಳು.

ತಾತನನ್ನು ಇಳಿಸುವ ಗೌರವ ಅತ್ತೆಗೆ. ಅವರು ಅವನನ್ನು ಎರಡು ಬೆರಳಲ್ಲಿ ಹಿಡಿದು, ಹೊಸ ಬಾಗಿಲಿಂದ ಹೊರಡಿಸಿ, "ಮೆಲ್ಲಗೆ ಕಣಪ್ಪ, ಹಿಡ್ಕೋ" ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿಸಿದರು. ನಡುವಿನ ಬೆಂಚಿಗೆ ಬಂದಾಗ ಕೂರಿಸಿಬಿಟ್ಟರು.

"ಕೂತಿರಲಿ. ಒಂದೇ ದಿನಕ್ಕೆ ಎಷ್ಟು ಅಂತ ಇಳೀತಾನೆ." ನಂತರ ಮೇಜಿನ ಅಂಚಿನವರೆಗೆ ಬಂದಿದ್ದ ಮೆಟ್ಟಿಲನ್ನು ಗೇಣಿನಿಂದ ಅಳೆದರು. ಬ್ಯಾಂಕು ಹಿಂದಿರುಗಿತ್ತು. "ಜಾಗ ಜಾಸ್ತಿ ಹಿಡಿದಿದೆ. ಮುಂದಿನ ತಿಂಗಳಿಂದ ಬಾಡಿಗೆ ಏರಿಸ್ತೀನಿ."

ಮುಂದಿನ ವಾರ ಗಂಡ ಉದ್ದನೆಯ ಸ್ಟೀಲು ಪೈಪು ಹೊತ್ತು ತಂದ. ತಾರಸಿಯ ಮೆಟ್ಟಿಲಿಗೆ ಒಂದು ಕಡೆ ಮಾತ್ರ ಕಂಬಿಯಿತ್ತು. ಅವನು ಗೋಡೆಯ ಕಡೆಗೂ ಒಂದು ಹಿಡಿಕೆ ಕೂರಿಸಿದ. ಮೆಟ್ಟಿಲಿನ ತಿರುವಿನಲ್ಲಿ ಕನ್ನಡಕದಕ್ಕ ತನ್ನ ಭಾನುವಾರದ ಸ್ಟೂಲನ್ನು ತಂದಿಟ್ಟಳು.

ಅತ್ತೆ ಕೆಳಗೆ ನಿಂತು ಪೈಪನ್ನು ತಟ್ಟಿ ನೋಡಿದರು. "ಇದು ಯಾವ ದುಡ್ಡು? ಮನೆ ಖರ್ಚಿಂದು ಮುಟ್ಟಿಲ್ಲ ತಾನೇ?"

"ಇಲ್ಲ ಅತ್ತೆ. ಪೌಡರ್ ಡಬ್ಬದ್ದು. ಗೊಂಬೆಮನೆಯವರು ಇಷ್ಟು ದಿನ ನಿಮಗೆ ಅಡ್ವಾನ್ಸೇ ಕೊಟ್ಟಿರಲಿಲ್ಲವಲ್ಲ, ಅದು."

ಅತ್ತೆ ಯೋಚಿಸಿದರು. ಎರಡೂ ಕಡೆಯ ಹಿಡಿಕೆ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟರು, ಎರಡನೆಯದಕ್ಕೂ ಇಟ್ಟರು. ಅಲ್ಲಿ ನಿಂತು ತಿರುಗಿದರು.

"ಅಡ್ವಾನ್ಸು ಅಂದ್ರೆ ವಾಪಸ್ ಕೊಡಬೇಕಾಗುತ್ತೆ. ಖಾಲಿ ಯಾವಾಗ ಮಾಡ್ತಾರಂತೆ?"

"ಅವರೆಲ್ಲಿ ಖಾಲಿ ಮಾಡ್ತಾರೆ ಅತ್ತೆ," ಎಂದಳು ಕನ್ನಡಕದಕ್ಕ, ಅವರ ಬೆನ್ನ ಹಿಂದೆಯೇ ಒಂದು ಮೆಟ್ಟಿಲು ಹತ್ತಿ. "ತಾತ ಇನ್ನೂ ಅರ್ಧ ದಾರೀಲೇ ಕೂತಿದಾರೆ."