ಎರಡು ಗಂಟೆಗೆ ನಿಂತ ಫ್ಯಾನುಗಳು

ಶಾಲೆಯ ಮಕ್ಕಳೆಲ್ಲ ಅವನನ್ನು ಫ್ಯೂಸಣ್ಣ ಎಂದೇ ಕರೆಯುತ್ತಿದ್ದರು. ಅಲ್ಲಿನ ವಯರು, ಮೋಟರುಗಳ ಜೊತೆ ಹತ್ತೊಂಬತ್ತು ವರ್ಷ ಏಗಿದವನು. ಕೆಲಸ ಕೊಡಿಸಿದ್ದು ಅಲ್ಲೇ ಗಣಿತ ಹೇಳಿಕೊಡುತ್ತಿದ್ದ ಅವನ ಅಕ್ಕ.

ಹೋದ ಬೇಸಿಗೆಯಲ್ಲಿ ವಿದ್ಯುತ್ ಕಂಪನಿಯಿಂದ ಕಾಗದ ಬಂತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇಡೀ ಊರು ಕರೆಂಟಿಗೆ ಬಾಯಿ ಬಿಡುತ್ತದೆ. ಆ ಹೊತ್ತಿನಲ್ಲಿ ಬಳಕೆ ತಗ್ಗಿಸಿದ ಶಾಲೆಗೆ ಬಹುಮಾನ. ಉಳಿದವರು ನಕ್ಕು ಸುಮ್ಮನಾದರು. ಫ್ಯೂಸಣ್ಣ ಮಾತ್ರ ಒಂದು ವಾರ ಮೀಟರಿನ ಮುಂದೆಯೇ ಠಿಕಾಣಿ ಹೂಡಿದ. ನೀರೆತ್ತುವ ಪಂಪನ್ನು ಬೆಳಗಿನ ಆರಕ್ಕೇ ಓಡಿಸಿದ. ಸಭಾಂಗಣವನ್ನು ಮೊದಲೇ ತಣ್ಣಗಾಗಿಸಿ, ಎರಡಕ್ಕೆ ಸರಿಯಾಗಿ ಎಸಿ ಆರಿಸಿ, ಪರದೆ ಎಳೆಸಿದ. ಒಂದು ಮಗುವೂ ಬೆವರಲಿಲ್ಲ. ಬಳಕೆ ಕಾಲುಭಾಗ ಇಳಿಯಿತು.

ಬಹುಮಾನದ ದಿನ ಹೆಡ್‌ಮಾಸ್ಟರು ಫಲಕ ಎತ್ತಿ ಹಿಡಿದು, "ಇದು ನನ್ನ ಬಹುದಿನದ ಕನಸು" ಎಂದರು. ಫ್ಯೂಸಣ್ಣ ವೇದಿಕೆಯ ಪಕ್ಕದಲ್ಲಿ, ಕೈಕೊಡುತ್ತಿದ್ದ ಮೈಕಿನ ವಯರು ಅದುಮಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

ಈ ಬೇಸಿಗೆಗೆ ಹೆಡ್‌ಮಾಸ್ಟರು ಕರೆದು ಹೇಳಿದರು: "ಈ ಸಲ ಅರ್ಧ ಇಳಿಸಬೇಕು. ಮಾತು ಕೊಟ್ಟುಬಿಟ್ಟಿದ್ದೀನಿ."

"ಕೊಬ್ಬೆಲ್ಲ ಹೋದ ವರ್ಷವೇ ಕರಗಿಸಿಬಿಟ್ವಿ ಸಾರ್. ಈಗ ಉಳಿದಿರೋದು ಬರೀ ಮೂಳೆ."

"ಮೂರನೇ ಮಹಡಿ ಫ್ಯಾನ್ ಇದಾವಲ್ಲ?"

"ಮೇಲೆ ತಗಡಿನ ಸೂರು ಸಾರ್, ಮಕ್ಕಳು ಬೆಂದುಹೋಗ್ತಾವೆ. ನಿಮ್ಮ ಕಡೆ ನಾಲ್ಕು ಎಸಿ ಇವೆ, ಅವನ್ನ..."

"ಅದು ಆಫೀಸು. ನಿನಗೆ ಹೇಳಿದಷ್ಟು ಮಾಡು."

ಮಾಡಿದ. ಎರಡು ಗಂಟೆಗೆ ಮೂರನೇ ಮಹಡಿಯ ಸ್ವಿಚ್ಚು ಕೆಳಗೆಳೆದ. ಅದು ಅಕ್ಕನ ತರಗತಿಯ ಮಹಡಿ. ಅರ್ಧ ಗಂಟೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಬೋರ್ಡಿನ ಮುಂದೆಯೇ ಕುಸಿದಳು. ಅಕ್ಕ ಅವಳನ್ನು ಎತ್ತಿಕೊಂಡೇ ಮೂರು ಮಹಡಿ ಇಳಿದಳು. ಸ್ವಿಚ್ಚಿನ ಕೋಣೆಯ ಬಾಗಿಲಲ್ಲಿದ್ದ ತಮ್ಮನನ್ನು ನೋಡಿ, ಹಾಗೇ ದಾಟಿಹೋದಳು.

ಮರುದಿನ ಎರಡಕ್ಕೆ ಫ್ಯೂಸಣ್ಣ ಆಫೀಸಿನ ನಾಲ್ಕೂ ಎಸಿ ಆರಿಸಿದ. ಮೀಟರಿನ ಮುಳ್ಳು ಹೆಡ್‌ಮಾಸ್ಟರು ಹೇಳಿದ ಅರ್ಧಕ್ಕೇ ಬಂದು ನಿಂತಿತು. ಮೇಲೆ ಫ್ಯಾನುಗಳು ತಿರುಗುತ್ತಲೇ ಇದ್ದವು. ಹತ್ತೇ ನಿಮಿಷಕ್ಕೆ ಹೆಡ್‌ಮಾಸ್ಟರು ಕತ್ತು ಒರೆಸಿಕೊಳ್ಳುತ್ತ ಓಡಿಬಂದರು.

"ಕೀಲಿಕೈ ಕೊಡು. ನಿಮ್ಮಕ್ಕನ ಮುಖ ನೋಡಿ ಕೆಲಸದಿಂದ ತೆಗೀತಿಲ್ಲ. ನಾಳೆಯಿಂದ ಗೇಟಿಗೆ ಹೋಗು."

ಗೇಟಿನಲ್ಲಿದ್ದ ಕಾವಲುಗಾರ ಸ್ವಿಚ್ಚಿನ ಕೋಣೆಗೆ ಬಂದ. ತೋರಿಸಿದ್ದನ್ನು ಎಳೆಯುವುದಷ್ಟೇ ಅವನಿಗೆ ಗೊತ್ತಿದ್ದದ್ದು. ಮಾರನೆಯ ದಿನ ಎರಡಕ್ಕೆ ಮೂರನೇ ಮಹಡಿಯ ಫ್ಯಾನುಗಳು ಮತ್ತೆ ನಿಂತವು.

ಸಂಜೆ ಅಕ್ಕ ಗೇಟಿಗೆ ಬಂದಾಗ ಅವಳ ಬೆನ್ನು ಪೂರ್ತಿ ತೊಯ್ದಿತ್ತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ ಅಕ್ಕ. ನಾನಾದ್ರೂ ಒಂದು ದಿನ ಅವರಿಗೆ ಸೆಕೆ ತೋರಿಸಿದೆ" ಎಂದ.

"ಬೀಗಬೇಡ ಕಣೋ. ಆ ಮಗು ಬೀಳೋ ಮುಂಚೆ ಯಾಕೆ ತೋರಿಸಲಿಲ್ಲ?"

ಅವನು ಚಿಲಕ ಸರಿಸಿದ. ಗೇಟು ತೆರೆದು ಹಿಡಿದ. ಅಕ್ಕ ಒಬ್ಬಳೇ ನಡೆದುಹೋದಳು.