ಪಕ್ಕದ ಮಂಚ

ಆಯಾ ಕಾಲಿನಿಂದ ಗಾಲಿಯ ಬ್ರೇಕು ಬಿಡಿಸಿ ತಳ್ಳಿದಾಗ ಮಂಚ ಗೇಣುದ್ದ ಮುಂದೆ ಹೋಗಿ ನಿಂತುಬಿಟ್ಟಿತು. ಇನ್ನಷ್ಟು ಬಲ ಹಾಕಿದಳು. ಪಕ್ಕದ ಮಂಚವೂ ಕಿರುಗುಟ್ಟುತ್ತ ಜೊತೆಗೇ ಬಂತು. ಬಗ್ಗಿ ನೋಡಿದರೆ ಯಾರೋ ಎರಡು ಮಂಚಗಳ ಕಾಲುಗಳನ್ನು ಬಟ್ಟೆಯ ಪಟ್ಟಿಯಿಂದ ಸೇರಿಸಿ ಕಟ್ಟಿದ್ದರು.

"ಇದೇನಮ್ಮಾ ಇದು?"

ಪಕ್ಕದ ಮಂಚದಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹೊಲಿಗೆಯಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಗಾಳಿಗೆ ಸುತ್ಕೊಂಡಿರ್ಬೇಕು."

ಗಾಳಿ ಐದಾರು ಸುತ್ತು ಸುತ್ತಿ, ಗಂಟು ಬಿಗಿದು, ಗಂಟಿನ ಮೇಲೆ ಸೂಜಿಯಿಂದ ಹೊಲಿಗೆಯನ್ನೂ ಹಾಕಿತ್ತು. ಆಯಾಗೆ ನಗು ಬಂತು, ಆದರೆ ನಗುವ ಹೊತ್ತಲ್ಲ. ಅವಳು ತಳ್ಳುತ್ತಿದ್ದ ಮಂಚದ ಮೇಲೆ ಟೆಲಿಫೋನ್ ಅಜ್ಜಿ ಕಣ್ಣು ಮುಚ್ಚಿ ಮಲಗಿದ್ದಳು. ಡಾಕ್ಟರು ಬೆಳಿಗ್ಗೆ ಬಂದು ನೋಡಿ, ಇನ್ನು ಹೆಚ್ಚು ದಿನ ಇಲ್ಲ, ಆಸ್ಪತ್ರೆಗೆ ಒಯ್ದು ಸೂಜಿ ಚುಚ್ಚಿಸುವುದರಲ್ಲಿ ಅರ್ಥವೂ ಇಲ್ಲ, ಆರಾಮವಾಗಿ ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದರು. ಅಜ್ಜಿಯ ತಂಗಿಯ ಮಗನೂ ಫೋನಿನಲ್ಲಿ ಅದಕ್ಕೆ ಒಪ್ಪಿ, ನಾಳೆ ಹೊರಟು ಬರುತ್ತೇನೆ ಅಂದಿದ್ದ.

ಡಾಕ್ಟರು ಹಾಗೆ ಹೇಳಿದವರನ್ನೆಲ್ಲ ಮೂಲೆ ರೂಮಿಗೆ ಸಾಗಿಸುವುದು ಆ ವೃದ್ಧಾಶ್ರಮದ ಪದ್ಧತಿ. ಉದ್ದನೆಯ ವರಾಂಡದ ಕೊನೆಯಲ್ಲಿ, ಬಟ್ಟೆ ಒಗೆಯುವ ಜಾಗದ ಪಕ್ಕದಲ್ಲಿ, ಒಂದೇ ಮಂಚದ ರೂಮು ಅದು. ಹೊಸದಾಗಿ ಬಣ್ಣ ಹೊಡೆಸಿದ್ದರು, ಗೋಡೆಗೆ ಹೂವಿನ ಚಿತ್ರ ತೂಗುಹಾಕಿದ್ದರು. ಆದರೂ ಊಟದ ಹಾಲಿಗೆ ಹೋಗುವಾಗ ಎಲ್ಲರೂ ಆ ಬಾಗಿಲಿನ ಎದುರು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ವಾಕರ್ ಹಿಡಿದವರು ಕೂಡ. ಅಲ್ಲಿಂದ ವಾಪಸ್ ಬಂದವನೆಂದರೆ ಪೋಸ್ಟ್‌ಮ್ಯಾನ್ ತಾತ ಒಬ್ಬನೇ. ಆತ ಸಾಯದೆ, ಒಂದು ವಾರ ಕಳೆದ ಮೇಲೆ ಎದ್ದು ಕೂತು ಹಸಿವು ಅಂದಿದ್ದ. ಅಷ್ಟರಲ್ಲಿ ಅವನ ಮಂಚ ಬೇರೆಯವರಿಗೆ ಹೋಗಿತ್ತು. "ವಿಳಾಸ ಸರಿಯಿಲ್ಲ ಅಂತ ವಾಪಸ್ ಕಳಿಸಿದ್ರು" ಎಂದು ಈಗಲೂ ಹೇಳಿ ನಗಿಸುತ್ತಾನೆ.

ಆಯಾ ಹೋಗಿ ದೊಡ್ಡ ಸಿಸ್ಟರನ್ನು ಕರೆತಂದಳು. ಆಶ್ರಮವನ್ನು ನಡೆಸುವವಳು ಅವಳೇ. ಕೋಪ ಬಂದಾಗ ದನಿ ಏರಿಸುವ ಬದಲು ತಗ್ಗಿಸುವವಳು. ಗಂಟನ್ನು ನೋಡಿದಳು, ಹೊಲಿಗೆಯಮ್ಮನನ್ನು ನೋಡಿದಳು, ಕುರ್ಚಿ ಎಳೆದುಕೊಂಡು ಕೂತಳು.

ಮೂಲೆ ರೂಮು ಯಾಕೆ ಎಂದು ಸಮಾಧಾನದಿಂದಲೇ ವಿವರಿಸಿದಳು. ಹಿಂದೊಮ್ಮೆ ಒಬ್ಬಾಕೆ ಬೆಳಿಗ್ಗೆ ಪಕ್ಕದವಳನ್ನು ಕಾಫಿಗೆ ಎಬ್ಬಿಸಲು ಹೋಗಿ, ತಣ್ಣಗಾದ ಕೈಯನ್ನು ಹಿಡಿದುಬಿಟ್ಟಿದ್ದಳು. ಆಮೇಲೆ ಆ ರೂಮಿಗೆ ಕಾಲಿಡಲಿಲ್ಲ, ಊಟ ಬಿಟ್ಟಳು, ಕಡೆಗೆ ಮಕ್ಕಳು ಬಂದು ಕರೆದುಕೊಂಡು ಹೋದರು. ಅಂದಿನಿಂದ ಈ ಪದ್ಧತಿ. ಇರುವವರನ್ನೂ ನೋಡಬೇಕಲ್ಲ, ನಾಳೆ ನಿಮ್ಮ ಮಗಳು ಕೇಳಿದರೆ ನಾನು ಏನು ಹೇಳಲಿ ಎಂದಳು.

ಮಗಳಿಗೆ ತಾನೇ ಹೇಳುತ್ತೇನೆ ಅಂದಳು ಹೊಲಿಗೆಯಮ್ಮ. ರೂಮು ಬದಲಿಸಿ, ರೂಮು ಬದಲಿಸಿ ಎಂದು ಇಷ್ಟು ವರ್ಷ ಬಾಯಿ ಬಡಿದುಕೊಂಡಾಗ ಯಾರೂ ಬದಲಿಸಲಿಲ್ಲ, ಈಗ ಮಾತ್ರ ಏನು ಅವಸರ ಎಂದು ಕೇಳಿದಳು.

ಅದು ನಿಜವೇ. ಟೆಲಿಫೋನ್ ಅಜ್ಜಿ ಹಿಂದೆ ಎಕ್ಸ್‌ಚೇಂಜಿನಲ್ಲಿ ಲೈನು ಜೋಡಿಸುವ ಕೆಲಸ ಮಾಡಿದವಳು. ವಯಸ್ಸಿದ್ದಾಗೆಲ್ಲ ಬೇರೆಯವರ ಮಾತಿಗೆ ದಾರಿ ಮಾಡಿಕೊಟ್ಟು, ತನ್ನ ಪಾಲಿನ ಮಾತನ್ನೆಲ್ಲ ಈ ರೂಮಿಗೆ ಉಳಿಸಿಕೊಂಡು ಬಂದಿದ್ದಳು. ದೀಪ ಆರಿಸಿದ ಮೇಲೂ ನಿಲ್ಲಿಸುತ್ತಿರಲಿಲ್ಲ. ಇವಳ ದೆಸೆಯಿಂದ ನನಗೆ ನಿದ್ದೆಯೇ ಇಲ್ಲ ಎಂದು ಹೊಲಿಗೆಯಮ್ಮ ಸಿಕ್ಕಸಿಕ್ಕವರ ಹತ್ತಿರ ದೂರುತ್ತಿದ್ದಳು. ದೂರುತ್ತ ದೂರುತ್ತ ಹಿಂದಿನ ರಾತ್ರಿ ಕೇಳಿದ ಕಥೆಯನ್ನು ಒಂದಕ್ಷರ ಬಿಡದೆ ಅವರಿಗೂ ಹೇಳುತ್ತಿದ್ದಳು.

"ನಿಮಗೆ ಭಯ ಆಗುತ್ತಮ್ಮಾ." ಸಿಸ್ಟರಿನ ದನಿ ತಗ್ಗಿತ್ತು.

"ನಂಗಾಗೋದು ಇರ್ಲಿ. ಅಲ್ಲಿ ಒಬ್ಳೇ ಮಲಗಿದ್ರೆ ಅವಳಿಗೆ ಆಗಲ್ವಾ? ಅವಳನ್ನ ಯಾರಾದ್ರೂ ಕೇಳಿದ್ರಾ?"

ನಿದ್ದೆ, ಊಟ, ಜ್ವರ, ಮಾತ್ರೆ ಎಲ್ಲವನ್ನೂ ಸಿಸ್ಟರ್ ದಿನಾ ಎಲ್ಲರನ್ನೂ ಕೇಳುತ್ತಿದ್ದಳು. ಇದೊಂದನ್ನು ಮಾತ್ರ ಮೂಲೆ ರೂಮಿಗೆ ಹೋದ ಯಾರನ್ನೂ ಕೇಳಿರಲಿಲ್ಲ. ಕೇಳುವುದೇ ಕ್ರೂರ ಅಂದುಕೊಂಡಿದ್ದಳು. ಈಗ ಎದ್ದು ಟೆಲಿಫೋನ್ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು.

"ಅಮ್ಮಾ, ನಿಮಗೆ ಎಲ್ಲಿರ್ಬೇಕು ಅನ್ಸುತ್ತೆ? ಇಲ್ಲೋ, ಆ ರೂಮಲ್ಲೋ?"

ಅಜ್ಜಿಯ ರೆಪ್ಪೆ ಮೆಲ್ಲಗೆ ಅಲುಗಿತು.

"ಇಲ್ಲೇ," ಅಂದಳು ಅಜ್ಜಿ. ಉಸಿರು ಕೂಡಿಸಿಕೊಂಡು ಮತ್ತೆ ಅಂದಳು: "ನಾನಿಲ್ದಿದ್ರೆ ಅವಳು ಮಲಗಲ್ಲ."

ಹೊಲಿಗೆಯಮ್ಮ ಥಟ್ಟನೆ ಕಿಟಕಿಯ ಕಡೆ ತಿರುಗಿಕೊಂಡಳು. "ನೋಡಿ ಸಿಸ್ಟರ್, ಈಗಲೂ ನನ್ ಮೇಲೇ ಹಾಕ್ತಾಳೆ" ಎಂದಳು.

ಅಜ್ಜಿ ಇಲ್ಲೇ ಇರಲಿ, ಗಂಟು ಮಾತ್ರ ಬಿಚ್ಚಿ ಎಂದಳು ಸಿಸ್ಟರ್. ಆಯಾಳಿಂದ ಅದು ಆಗಲಿಲ್ಲ. ಹೊಲಿಗೆಯಮ್ಮನೇ ಕತ್ತರಿ ಹಿಡಿದು ನೆಲದ ಮೇಲೆ ಕೂರಬೇಕಾಯಿತು. ಅವಳನ್ನು ಮೇಲೆಬ್ಬಿಸಲು ಇಬ್ಬರು ಬೇಕಾದರು. ಮಗಳು ಫೋನಿನಲ್ಲಿ ಅಮ್ಮನಿಗೆ ಚೆನ್ನಾಗಿ ಬೈದಳು, ಸಿಸ್ಟರಿಗೂ ಒಂದಿಷ್ಟು ಬೈದಳು, ಕೊನೆಗೆ ಅಮ್ಮ ಹಟ ಹಿಡಿದರೆ ಮುಗಿಯಿತು, ಊಟ ಬಿಡದ ಹಾಗೆ ನೋಡಿಕೊಳ್ಳಿ ಅಂದಳು. ಸಿಸ್ಟರ್ ಎರಡು ಮಂಚಗಳ ನಡುವೆ ಇಡಲು ಮಡಚುವ ಪರದೆ ತರಿಸಿ, ನೋಡಲಾಗದಿದ್ದರೆ ಎಳೆದುಕೊಳ್ಳಿ ಎಂದಳು. ಅದರ ಅಂಚಿನ ಹೊಲಿಗೆ ಸೊಟ್ಟಗಿದೆ ಎಂದು ಹೇಳಿ ಹೊಲಿಗೆಯಮ್ಮ ಅದನ್ನು ಗೋಡೆಗೆ ಒರಗಿಸಿದಳು.

ಆ ದಿನವೂ ಮಾರನೆಯ ಬೆಳಿಗ್ಗೆಯೂ ರೂಮಿನಲ್ಲಿ ಓಡಾಟವಿತ್ತು. ಆಯಾ ಆಗಾಗ ಅಜ್ಜಿಯನ್ನು ಮಗ್ಗುಲು ತಿರುಗಿಸಿ ಬೆನ್ನಿಗೆ ದಿಂಬು ಕೊಡುತ್ತಿದ್ದಳು. ನೋವಿಗೆಂದು ಡಾಕ್ಟರು ಕೊಟ್ಟಿದ್ದ ಔಷಧಿಯನ್ನು ಸಿಸ್ಟರ್ ನಾಲಿಗೆಯ ಕೆಳಗೆ ಹನಿಸುತ್ತಿದ್ದಳು. ನುಂಗಲಾಗದವಳ ಬಾಯಿಗೆ ಚಮಚ ತುರುಕುವುದು ಬೇಡ, ತುಟಿ ಒಣಗದಿದ್ದರೆ ಸಾಕು ಎಂದು ಹೊಲಿಗೆಯಮ್ಮನ ಕೈಗೆ ಒದ್ದೆ ಹತ್ತಿ ಕೊಟ್ಟಳು. ಪೋಸ್ಟ್‌ಮ್ಯಾನ್ ತಾತ ಬಾಗಿಲಲ್ಲಿ ನಿಂತು, ಬರಬಹುದಾ ಎಂದು ಕೇಳಿ, ಒಳಗೆ ಬಂದು, ಅಜ್ಜಿಯ ಪಾದವನ್ನು ಹೊದಿಕೆಯ ಮೇಲಿನಿಂದಲೇ ಒಮ್ಮೆ ಮುಟ್ಟಿ ಹೋದ.

ಮಧ್ಯಾಹ್ನ ಊಟದ ಹೊತ್ತಿಗೆ ಅಜ್ಜಿಯ ಗಂಟಲಿನಲ್ಲಿ ಗೊರಗೊರ ಸದ್ದು ಶುರುವಾಯಿತು. ಹೊಲಿಗೆಯಮ್ಮನ ಕೈಯಿಂದ ಹತ್ತಿ ಬಿತ್ತು. ಗೋಡೆ ಹಿಡಿದುಕೊಂಡು ವರಾಂಡಕ್ಕೆ ಬಂದು ಬೆಂಚಿನ ಮೇಲೆ ಕೂತಳು.

"ನನ್ ಕೈಲಾಗಲ್ಲ ಸಿಸ್ಟರ್. ತಪ್ಪಾಯ್ತು. ಅವಳನ್ನ ಕರ್ಕೊಂಡ್ಹೋಗಿ."

ನಾನು ಹೇಳಿರಲಿಲ್ಲವೇ ಎಂದು ಸಿಸ್ಟರ್ ಅನ್ನಲಿಲ್ಲ. ಪಕ್ಕದಲ್ಲಿ ಕೂತು ನೀರು ಕುಡಿಸಿದಳು. ಅದು ನೋವಿನ ಸದ್ದಲ್ಲ, ಗಂಟಲಲ್ಲಿ ನಿಂತ ಕಫದ್ದು, ಕಷ್ಟ ಆಗುವುದು ಕೇಳುವವರಿಗೆ ಎಂದಳು. ಬೇಕಾದರೆ ನೀವು ನನ್ನ ರೂಮಿನಲ್ಲಿ ಮಲಗಿ; ಅವರು ಇಲ್ಲೇ ಅಂದಿದ್ದಾರೆ, ಇಲ್ಲೇ ಇರುತ್ತಾರೆ ಎಂದಳು.

ಹೊಲಿಗೆಯಮ್ಮ ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳಿಸಿಕೊಂಡಳು.

"ಮೊದ್ಲೂ ಗೊರಕೆ ಹೊಡೀತಿದ್ಳು ಬಿಡಿ," ಎಂದಳು. "ನೀವೂ ಬರ್ತೀರಾ? ನಿಂತ್ಕೊಂಡು ಹೋಗೋದಲ್ಲ. ಕೂತ್ಕೋಬೇಕು."

ಸಿಸ್ಟರ್ ಬಂದು ಕೂತಳು. ಹೊಲಿಗೆಯಮ್ಮ ಅಜ್ಜಿಯ ಕೈ ಹಿಡಿದುಕೊಂಡು, ನಿನ್ನ ತಂಗಿ ಮಗ ಬಸ್ಸು ಹತ್ತಿದಾನಂತೆ ಎಂದು ಹೇಳಿದಳು. ಮುಂದೆ ತನ್ನದೇನೂ ಹೊಳೆಯದೆ ಅಜ್ಜಿಯದೇ ಒಂದು ಕಥೆ ಹಿಡಿದಳು. ದೂರದ ಊರಿನಲ್ಲಿ ಕೆಲಸಕ್ಕಿದ್ದ ಒಬ್ಬ ಗಂಡ ವಾರಕ್ಕೊಮ್ಮೆ ಹೆಂಡತಿಗೆ ಟ್ರಂಕ್ ಕಾಲ್ ಮಾಡುತ್ತಿದ್ದ. ಲೈನು ಸಿಕ್ಕಿದ ಮೇಲೆ ಇಬ್ಬರಿಗೂ ಮಾತೇ ಬರುತ್ತಿರಲಿಲ್ಲ. ಕಾಲಿಗೆ ಕೊಟ್ಟ ಹೊತ್ತು ಮುಗಿಯಿತು ಎಂದು ನಡುವೆ ಬಂದು ಹೇಳಬೇಕಾದ ಟೆಲಿಫೋನ್ ಅಜ್ಜಿ, ಆ ಕಡೆಯ ಉಸಿರು ಈ ಕಡೆಯ ಉಸಿರು ಕೇಳುತ್ತ ಹೇಳುವುದನ್ನೇ ಬಿಟ್ಟುಬಿಡುತ್ತಿದ್ದಳು.

"ಮೇಲಿನೋರು ಕೇಳಿದ್ರೆ ಗಡಿಯಾರ ಕೆಟ್ಟಿತ್ತು ಅಂತಿದ್ಯಂತೆ. ಸುಳ್ಳುಬುರುಕಿ," ಎಂದು ಹೊಲಿಗೆಯಮ್ಮ ಕಥೆ ಮುಗಿಸಿದಳು.

ಅಜ್ಜಿಯ ಇನ್ನೊಂದು ಕೈಯ ಮಣಿಕಟ್ಟಿನ ಮೇಲೆ ಬೆರಳಿಟ್ಟಿದ್ದ ಸಿಸ್ಟರ್, ನಾಡಿ ನಿಂತದ್ದು ತಿಳಿದರೂ ಕಥೆ ಮುಗಿಯುವ ತನಕ ಕಾದಳು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಹೊಲಿಗೆಯಮ್ಮ ಅವಳ ಮುಖ ನೋಡಿದಳು; ಹಿಡಿದ ಕೈಯನ್ನು ಬಿಡಲಿಲ್ಲ.

ಆಯಾ ಬಿಸಿನೀರು, ಟವೆಲು ತಂದು ಅಜ್ಜಿಯ ಮುಖ, ಕೈಕಾಲು ಒರೆಸಿದಳು. ತಂಗಿಯ ಮಗ ಬರುವಷ್ಟರಲ್ಲಿ ಚೆನ್ನಾಗಿ ಕಾಣಬೇಕು ಎಂದು ಹೊಲಿಗೆಯಮ್ಮ ಬಾಚಣಿಗೆ ಕೇಳಿದಳು. ಮಲಗಿ ಮಲಗಿ ತಲೆಯ ಹಿಂಭಾಗದ ಕೂದಲು ಸಿಕ್ಕುಸಿಕ್ಕಾಗಿತ್ತು. ಆಯಾ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದಳು. ಹೊಲಿಗೆಯಮ್ಮ ಎಡಗೈಯಿಂದ ಕೂದಲನ್ನು ಸಿಕ್ಕಿನ ಮೇಲ್ಗಡೆ ಬಿಗಿಯಾಗಿ ಹಿಡಿದುಕೊಂಡು, ಎಳೆತ ಬುಡಕ್ಕೆ ತಾಗದ ಹಾಗೆ, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸತೊಡಗಿದಳು.