ನೀಲಕ್ಕನ ದನಿ ಹೊತ್ತ ಮೈಕು

ನಾನು ಒಂದು ಮೈಕು. ಹಾಡುವವರು ಕೈಯಲ್ಲಿ ಹಿಡಿಯುತ್ತಾರಲ್ಲ, ಅದಲ್ಲ. ಕಂಬದ ಮೇಲೆ, ಆಟೋದ ತಲೆಯ ಮೇಲೆ ಬಾಯಿ ತೆರೆದು ಕೂರುವ ಅಲ್ಯೂಮಿನಿಯಂ ಹಾರ್ನು. ದುಂಡನೆಯ ತಗಡನ್ನು ಗಿರಗಿರ ತಿರುಗಿಸಿ, ಒತ್ತಿ ಒತ್ತಿ ನನಗೆ ಈ ಅಗಲ ಬಾಯಿ ಮಾಡಿದರು. ಅದೇ ದಿನ, ಅದೇ ಅಚ್ಚಿನಲ್ಲಿ ನನ್ನ ತಮ್ಮನೂ ಹುಟ್ಟಿದ. ಇಬ್ಬರಿಗೂ ಬಾಯಿ ದೊಡ್ಡದು ಕೊಟ್ಟರು, ಸ್ವಂತ ಮಾತು ಮಾತ್ರ ಕೊಡಲಿಲ್ಲ.

ಹಾವೇರಿ ಕಡೆಯ ಒಂದು ಪೇಟೆ ಊರಿನ ರಾಜೇಸಾಬ ನಮ್ಮಿಬ್ಬರನ್ನೂ ಕೊಂಡು ತಂದ. ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಅವನದು. ಮದುವೆ, ಉರುಸು, ತಪ್ಪಿಸಿಕೊಂಡ ಎಮ್ಮೆಯ ಸುದ್ದಿ, ಯಾವುದಕ್ಕೂ ನಾನು ಒಲ್ಲೆ ಅನ್ನಲಿಲ್ಲ. ಅನ್ನಲು ಬರುತ್ತಲೂ ಇರಲಿಲ್ಲ.

ನನಗೆ ನೀಲಕ್ಕನೆಂದರೆ ಪ್ರಾಣ. ಪೂರ್ತಿ ಹೆಸರು ನೀಲಗಂಗವ್ವ. ಬೆಳಿಗ್ಗೆ ಪೇಟೆ ಬೀದಿಯಲ್ಲಿ ಸೊಪ್ಪು ಮಾರುವವಳು, ಸಂಜೆ ಆರ್ಕೆಸ್ಟ್ರಾದಲ್ಲಿ ಹಾಡುವವಳು. ಆ ವರ್ಷ ಒಂದು ಸಿನಿಮಾ ಬಂತು. ಅದರ ಹೀರೋ ಹೆಗಲಿಗೆ ಟವೆಲ್ ಬಡಿದು "ಏಳೇ ತಂಗಿ, ಬೀದಿ ನಮ್ಮದು" ಎಂದು ಹಾಡಿದ್ದೇ ತಡ, ಊರ ಗಂಡಸರೆಲ್ಲ ಹೆಗಲಿಗೆ ಟವೆಲ್ ಏರಿಸಿದರು. ನೀಲಕ್ಕ ಹಾಡಿದರೆ ಆ ಹಾಡು ಸಿನಿಮಾಕ್ಕಿಂತ ಒಂದು ಕೈ ಮೇಲು.

ಅಷ್ಟರಲ್ಲಿ ಪುರಸಭೆ ಚುನಾವಣೆ ಬಂತು. ಕೊಡೆ ಗುರುತಿನವರಿಗೂ ಆ ಹಾಡೇ ಬೇಕು, ಮಂಚದ ಗುರುತಿನವರಿಗೂ ಅದೇ ಬೇಕು. ರಾಜೇಸಾಬನ ಕಸುಬಿನಲ್ಲಿ ಅದಕ್ಕೊಂದು ಸುಲಭದ ದಾರಿ ಇತ್ತು. ಹಾಡನ್ನು ಒಮ್ಮೆ ರೆಕಾರ್ಡ್ ಮಾಡಿಕೊಳ್ಳುವುದು. ಹುರಿಯಾಳಿನ ಹೆಸರು ಬರುವಲ್ಲಿ ಬರೀ ಢೋಲಕ್ ಬಾರಿಸಿ ಜಾಗ ಖಾಲಿ ಬಿಡುವುದು. ಬೇಕಾದ ಹೆಸರನ್ನು ಆಮೇಲೆ ಯಾರಿಂದಲೋ ಕೂಗಿಸಿ ಅಲ್ಲಿ ಸೇರಿಸುವುದು.

"ಯಾರ ಹೆಸರ ಹಾಕ್ತೀಯೋ ರಾಜಾ?" ಎಂದಳು ನೀಲಕ್ಕ.

"ಯಾರ ಕೇಳ್ತಾರ ಅವರದು. ಹಾಡ ಐತಿ ಬಿಡಕ್ಕಾ, ಅದಕ್ಯಾವ ಪಕ್ಷ?"

ಆಕೆ ನಕ್ಕು ಹಾಡಿಬಿಟ್ಟಳು. "ಏಳೇ ತಂಗಿ," ಆಮೇಲೆ ನಾಲ್ಕು ಪೆಟ್ಟು ಢೋಲಕ್, ಆಮೇಲೆ "ನಮ್ಮವ!"

ಬೆಳಿಗ್ಗೆ ನಾನು ಕೊಡೆಯವರ ಆಟೋ ಮೇಲೆ, ತಮ್ಮ ಮಂಚದವರ ಆಟೋ ಮೇಲೆ. ಮಧ್ಯಾಹ್ನ ಅದಲು ಬದಲು. ಊರು ಆಗಲೇ ಎರಡು ಹೋಳಾಗಿತ್ತು. ಕೊಡೆಯವರು ಮಂಚದವರ ಅಂಗಡಿಯಲ್ಲಿ ಚಹಾ ಕುಡಿಯುತ್ತಿರಲಿಲ್ಲ, ಮಂಚದವರು ಕೊಡೆಯವನ ಹತ್ತಿರ ಗಡ್ಡ ಹೆರೆಸಿಕೊಳ್ಳುತ್ತಿರಲಿಲ್ಲ. ಕೊಡೆಯವರಿಗೆ ನೀಲಕ್ಕ ಮಂಚದವಳಾದಳು, ಮಂಚದವರಿಗೆ ಕೊಡೆಯವಳಾದಳು. ಇಬ್ಬರಿಗೂ ಬೇಕಾಗಿದ್ದವಳು ಯಾರಿಗೂ ಬೇಡವಾದಳು. ಆದರೂ ತಂತಿ ಸಿಕ್ಕಿಸಿದರೆ ನಾನು ಕೂಗಲೇಬೇಕು.

ಮಂಚದವರು ಗೆದ್ದರು. ಎರಡೇ ತಿಂಗಳಿಗೆ ಪೇಟೆ ಬೀದಿ ತೆರವು ಮಾಡಿ ಕಾಂಪ್ಲೆಕ್ಸ್ ಕಟ್ಟುತ್ತೇವೆ ಎಂದು ನೋಟಿಸು ಹಚ್ಚಿದರು. ನಲವತ್ತು ಹೆಂಗಸರ ಹೊಟ್ಟೆಪಾಡು ಆ ಬೀದಿ. ನೀಲಕ್ಕ ಎಲ್ಲರನ್ನೂ ಧರಣಿ ಕೂರಿಸಿದಳು. ರಾಜೇಸಾಬ ನನ್ನನ್ನು ಬೇವಿನ ಮರಕ್ಕೆ ಕಟ್ಟಿದ. ಆಕೆ ಸಿನಿಮಾದ ಮಾತನ್ನೇ ಹಾಡಿದಳು, "ಏಳೇ ತಂಗಿ, ಬೀದಿ ನಮ್ಮದು." ಈ ಸಲ ಆ ಮಾತು ಆಕೆಯದೇ ಆಗಿತ್ತು. ಹೆಂಗಸರು ಚಪ್ಪಾಳೆ ಹೊಡೆದರು. ಹುಟ್ಟಿದ್ದು ಸಾರ್ಥಕ ಅನ್ನಿಸಿತು ನನಗೆ.

ಆಗ ಎದುರಿಗೆ ಮಂಚದವರ ಆಟೋ ಬಂದು ನಿಂತಿತು. ಮೇಲೆ ನನ್ನ ತಮ್ಮ. ಅವನ ಬಾಯಿಂದ ಅದೇ ನೀಲಕ್ಕನ ದನಿ, ಗೆದ್ದವನ ಹೆಸರಿನ ಜೊತೆ: "ನಮ್ಮವ!" ಈ ಕಡೆ ಆಕೆ, ಆ ಕಡೆಯೂ ಆಕೆ. ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು.

ಬದನೆಕಾಯಿ ಮಾರುವ ಫಕ್ಕೀರವ್ವ ಎದ್ದು ಸೀರೆ ಕೊಡವಿಕೊಂಡಳು. "ನೀಲವ್ವಾ, ನಾ ಯಾವುದನ್ನ ನಂಬಲಿ? ಆ ಕಡೀದೂ ನೀನ, ಈ ಕಡೀದೂ ನೀನ."

"ಅದು ದನಿ ಅಷ್ಟ ನಂದಬೇ, ಮಾತ ನಂದಲ್ಲ!"

"ದನಿ ಕೊಟ್ಟಾಕಿ ನೀನ ಅಲ್ಲೇನ?"

ನೀಲಕ್ಕ ರಸ್ತೆ ದಾಟಿ ಹೋಗಿ ಆಟೋದವನಿಗೆ "ಬಂದ್ ಮಾಡಪಾ" ಎಂದು ಕೈ ಮುಗಿದಳು. "ಬಂದ್ ಮಾಡು ಅಂತ ನನಗ ಯಾರೂ ಹೇಳಿಲ್ಲಕ್ಕಾ" ಎಂದ ಅವನು. ತಿರುಗಿ ರಾಜೇಸಾಬನನ್ನು ನೋಡಿದಳು. ಎರಡೂ ಕಡೆಗೆ ಬಾಡಿಗೆ ಕೊಟ್ಟವನು ಎತ್ತ ನೋಡಿಯಾನು, ತಲೆ ತಗ್ಗಿಸಿದ. ಆಕೆ ಸೊಪ್ಪಿಗೆ ಹೊದಿಸುವ ಒದ್ದೆ ಗೋಣಿತಟ್ಟನ್ನು ತಂದು, ಆಟೋ ಹತ್ತಿ, ನನ್ನ ತಮ್ಮನ ಬಾಯಿಗೆ ತುರುಕಿದಳು. ತುರುಕುತ್ತಾ ಅತ್ತಳು. ಒಳಗಿನ ದನಿ ಗೊರಗೊರ ಅನ್ನುತ್ತಲೇ ಇತ್ತು, ನಿಲ್ಲಲಿಲ್ಲ.

ಹತ್ತು ಮೊಬೈಲುಗಳು ಅದನ್ನು ಹಿಡಿದವು. ಸಂಜೆಯೊಳಗೆ ಮಂಚದವರು ಆ ವಿಡಿಯೋಕ್ಕೆ ನಗುವ ಸಂಗೀತ ಹಾಕಿದರು, ಕೊಡೆಯವರು ಅಳುವ ಸಂಗೀತ ಹಾಕಿದರು. ಹೆಂಗಸರ ಬೀದಿ ಮಾತ್ರ ಯಾರಿಗೂ ನೆನಪಾಗಲಿಲ್ಲ. ಮರುವಾರ ಜೆಸಿಬಿ ಬಂತು.

ಈಗ ಊರಿಗೆ ಡಿಜೆ ಪೆಟ್ಟಿಗೆಗಳು ಬಂದಿವೆ. ನಾವಿಬ್ಬರೂ ಅಂಗಡಿಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದೇವೆ. ಮಾತಿಲ್ಲದೆ ಹುಟ್ಟಿದ ನಾನು ಯಾರ ಮಾತನ್ನೂ ತಡೆಯಲಾರದೆ ಹೋದೆ, ಅದು ನನ್ನ ಹಣೆಬರಹ. ಆದರೆ ಆಕೆ ದನಿ ಇದ್ದವಳು.

ಅಟ್ಟದ ಕಿಂಡಿಯಿಂದ ಬಸ್ ಸ್ಟ್ಯಾಂಡ್ ಹಿಂದಿನ ಗೋಡೆ ಕಾಣುತ್ತದೆ. ನೀಲಕ್ಕ ಈಗ ಅಲ್ಲಿ ಕೂರುತ್ತಾಳೆ. ಅಕ್ಕಪಕ್ಕದವರು ಕೂಗಿ ಕೂಗಿ ಮಾರುತ್ತಾರೆ. ನಿನ್ನೆ ಪರ ಊರಿನವಳೊಬ್ಬಳು ಆಕೆಯ ಮುಂದೆ ನಿಂತು "ಮೆಂತ್ಯಾ ಐತೇನಕ್ಕಾ?" ಎಂದಳು. ನೀಲಕ್ಕ ಸುತ್ತ ಒಮ್ಮೆ ನೋಡಿದಳು. ಆಮೇಲೆ ಬಾಯಿ ತೆರೆಯದೆ, ಒಂದು ಕಟ್ಟು ಎತ್ತಿ ತೋರಿಸಿದಳು.